ಹೆಸರಿದ್ದೂ 'ಅನಾನಿಮಸ್' ಆಗುವುದು ಹೇಗೆ?

ಪ್ರಶ್ನೆ: ಫುಟ್‌ಬಾಲ್ ಪಂದ್ಯದ ಇಂಗ್ಲಿಷ್ ಕಾಮೆಂಟರಿಯಲ್ಲಿ ಒಬ್ಬ ಆಟಗಾರನನ್ನು 'ದ್ವಿತೀಯಾರ್ಧದಲ್ಲಿ ಪೂರ್ತಿ ಅನಾನಿಮಸ್' ಎಂದರು. ಜೆರ್ಸಿಯ ಬೆನ್ನ ಮೇಲೆ ಹೆಸರು ಅಷ್ಟು ದಪ್ಪಗೆ ಇರುವಾಗ ಅವನು ಅನಾಮಧೇಯ ಹೇಗಾದ ಸರ್? ನೇಮ್‌ಲೆಸ್, ಫೇಸ್‌ಲೆಸ್, ನಾನ್‌ಡಿಸ್ಕ್ರಿಪ್ಟ್ ಇವೆಲ್ಲ ಒಂದೇನಾ?
– ಓದುಗರು, ದಾವಣಗೆರೆ

ಉತ್ತರ: ಕಾಮೆಂಟರಿಯವರು ಹೇಳಿದ್ದು ಸರಿಯಾಗಿಯೇ ಇದೆ. ನೀವು ಅದಕ್ಕೆ 'ಅನಾಮಧೇಯ' ಹಾಕಿ ನೋಡಿದ್ದರಿಂದ ತೊಡಕಾಯಿತು, ಅಷ್ಟೆ. ಆಟಗಾರ ಮೈದಾನದಲ್ಲೇ ಇದ್ದ, ಆದರೆ ಅವನು ಮಾಡಿದ್ದೊಂದೂ ಕಣ್ಣಿಗೆ ಬೀಳಲಿಲ್ಲ. ನಾವಾಗಿದ್ದರೆ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎನ್ನುತ್ತಿದ್ದೆವು. ಇದು ಈ ಪದದ ಎರಡನೆಯ ಅರ್ಥ: ತನ್ನದೇ ಆದ ಗುರುತಾಗಲಿ ಛಾಪಾಗಲಿ ಇಲ್ಲದ್ದು. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದನ್ನು 'ಅನಾನಿಮಸ್ ಆಫೀಸ್ ಬ್ಲಾಕ್' ಎಂದರೂ ಅದಕ್ಕೆ ಬೋರ್ಡು ಇದ್ದೇ ಇರುತ್ತದೆ. ಹತ್ತರಲ್ಲಿ ಹನ್ನೊಂದು ಎಂಬುದೇ ಅಲ್ಲಿನ ಮಾತು.

ಮೊದಲನೆಯ ಅರ್ಥ ನಿಮಗೆ ಗೊತ್ತಿರುವುದೇ. 'ಅನ್' ಎಂಬ ನಿಷೇಧಕ್ಕೆ ಹೆಸರು ಎಂಬ ಅರ್ಥದ ಗ್ರೀಕ್ ಪದ ಸೇರಿದ್ದು. ಆ ಗ್ರೀಕ್ ಪದ, ಸಂಸ್ಕೃತದ 'ನಾಮ', ಇಂಗ್ಲಿಷಿನ 'ನೇಮ್' ಮೂರೂ ಒಂದೇ ಬೇರಿನವು. ಆದ್ದರಿಂದ 'ಅನಾನಿಮಸ್'ಗೂ 'ಅನಾಮ'ಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಆದರೆ ಬಳಕೆಯಲ್ಲಿ ಹೆಸರೇ ಇಲ್ಲದ್ದಕ್ಕಿಂತ, ಹೆಸರು ಇದ್ದೂ ಹೊರಗೆ ಬಾರದ್ದಕ್ಕೆ ಈ ಪದ ಹೆಚ್ಚು ಒಗ್ಗುತ್ತದೆ. 1935ರಲ್ಲಿ ಅಮೆರಿಕದಲ್ಲಿ ಶುರುವಾದ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲಿ ಸದಸ್ಯರು ತಮ್ಮ ಮೊದಲ ಹೆಸರು ಹೇಳಿಯೇ ಮಾತು ಆರಂಭಿಸುವುದು ರೂಢಿ. ಮನೆತನದ ಹೆಸರನ್ನು ಮಾತ್ರ ಬಿಡುತ್ತಾರೆ.

ಅನಾನಿಮಸ್ ಪತ್ರಕ್ಕೆ ನಮ್ಮ ಕಚೇರಿಗಳಲ್ಲಿ ಸೊಗಸಾದ ಹೆಸರಿದೆ, 'ಮೂಗರ್ಜಿ'. ಸಹಿಯಿಲ್ಲದ ದೂರು ಅನಾನಿಮಸ್. ಇಲ್ಲದ ವ್ಯಕ್ತಿಯ ಹೆಸರಲ್ಲಿ ಬರೆದದ್ದು ಸ್ಯೂಡಾನಿಮಸ್. ಇವೆರಡರ ಮೇಲೂ ಕ್ರಮ ಬೇಡವೆಂದು ಕೇಂದ್ರ ಜಾಗೃತ ಆಯೋಗ 1999ರಲ್ಲೇ ಆದೇಶಿಸಿತ್ತು. ಭ್ರಷ್ಟಾಚಾರ ಬಯಲು ಮಾಡುವವರ ರಕ್ಷಣೆಗೆ 2004ರಲ್ಲಿ ಕೇಂದ್ರ ಸರ್ಕಾರ ತಂದ ನಿರ್ಣಯವಂತೂ ಈ ಪದದ ಗಡಿಯನ್ನು ಚೆನ್ನಾಗಿ ತೋರಿಸುತ್ತದೆ. ಅದರಡಿ ದೂರು ಕೊಡುವವರು ಲಕೋಟೆಯ ಮೇಲೆ ತಮ್ಮ ಹೆಸರು ಬರೆಯಬಾರದು, ಒಳಗಿನ ಪತ್ರದಲ್ಲಿ ಹೆಸರು ವಿಳಾಸ ಇರಲೇಬೇಕು. ಆಯೋಗ ಅದನ್ನು ಗುಟ್ಟಾಗಿಡುತ್ತದೆ. ಅಂದರೆ ಆ ದೂರು ಕಾನ್ಫಿಡೆನ್ಶಿಯಲ್, ಅನಾನಿಮಸ್ ಅಲ್ಲ. ಇಂಗ್ಲಿಷ್ ಅರ್ಜಿ ಬರೆಯುವವರು ಈ ಎರಡನ್ನು ಬೆರೆಸಿ ಪೇಚಿಗೆ ಸಿಕ್ಕುವುದುಂಟು. 'ಐ ವಿಶ್ ಟು ರಿಮೇನ್ ಅನಾನಿಮಸ್' ಎಂದು ಬರೆದು ಕೆಳಗೆ ಸಹಿ, ಮೊಬೈಲ್ ನಂಬರ್!

ಉಳಿದವನ್ನು ಬೇಗ ಮುಗಿಸುತ್ತೇನೆ. ಹೆಸರೇ ಇಡದ್ದು ಅಥವಾ ಹೆಸರಿಡಲಾಗದ್ದು ನೇಮ್‌ಲೆಸ್: ಹೆಸರಿಲ್ಲದ ತೊರೆ, ಇಂಥದೆಂದು ಹೇಳಲಾಗದ ಭಯ. ಉಂಗುರದ ಬೆರಳಿಗೆ ಸಂಸ್ಕೃತದವರು 'ಅನಾಮಿಕಾ' ಎಂದಿದ್ದು ಈ ಅರ್ಥದಲ್ಲೇ. ಫೇಸ್‌ಲೆಸ್ ಸಾಮಾನ್ಯವಾಗಿ ಬೈಗುಳ. ಯಾರನ್ನು ಕೇಳಬೇಕೆಂದೇ ತಿಳಿಯದ ಅಧಿಕಾರಶಾಹಿಗೆ ಹಾಗೆನ್ನುತ್ತಾರೆ. ನಮ್ಮ ಆದಾಯ ತೆರಿಗೆ ಇಲಾಖೆ ಮಾತ್ರ 2020ರಲ್ಲಿ 'ಫೇಸ್‌ಲೆಸ್ ಅಸೆಸ್‌ಮೆಂಟ್' ಎಂದು ಅದನ್ನೇ ಹೆಗ್ಗಳಿಕೆ ಮಾಡಿಕೊಂಡಿತು. ಅಲ್ಲಿ ಮುಖ ಕಾಣದಿರುವುದು ಅಧಿಕಾರಿಯದು, ನಿಮ್ಮ ಪ್ಯಾನ್ ನಂಬರ್ ಅವರ ಮುಂದೆಯೇ ಇರುತ್ತದೆ.

ನಾನ್‌ಡಿಸ್ಕ್ರಿಪ್ಟ್ ಎಂದರೆ ಮೊದಲು, ವಿಜ್ಞಾನಿಗಳು ಇನ್ನೂ ವರ್ಣಿಸದ ಗಿಡ ಅಥವಾ ಪ್ರಾಣಿ. ಈಗ ವರ್ಣಿಸಲು ಏನೂ ಇಲ್ಲದ್ದು ಎಂಬ ಅರ್ಥಕ್ಕೆ ಇಳಿದಿದೆ. ನಮ್ಮ ಇಂಗ್ಲಿಷ್ ಪತ್ರಿಕೆಗಳಿಗೆ ಸುದ್ದಿಯಾದ ಹಳ್ಳಿಯೆಲ್ಲ 'ನಾನ್‌ಡಿಸ್ಕ್ರಿಪ್ಟ್ ವಿಲೇಜ್'. ವರದಿಗಾರರು ಸುತ್ತ ನೋಡದೆ ವಾಪಸಾದರು ಎಂದೇ ನಾನು ಓದಿಕೊಳ್ಳುತ್ತೇನೆ.

ಕೊನೆಗೆ ಉಚ್ಚಾರಣೆ. ಅನಾನಿಮಸ್‌ನಲ್ಲಿ ಒತ್ತು 'ನಾ' ಮೇಲೆ. ನಾಮಪದ ಅನಾನಿಮಿಟಿಯಲ್ಲಿ ಒತ್ತು 'ನಿ'ಗೆ ಜಾರುತ್ತದೆ. ಒಮ್ಮತದ ಎಂಬರ್ಥದ 'ಯುನಾನಿಮಸ್' ಜೊತೆ ಕಲಸಬೇಡಿ. ಸಂಘದ ನಡಾವಳಿ ಪುಸ್ತಕದಲ್ಲಿ ಠರಾವು 'ಅನಾನಿಮಸ್ಲಿ' ಪಾಸಾಯಿತು ಎಂದು ಬರೆದರೆ, ಕೈ ಎತ್ತಿದವರು ಯಾರೆಂದು ಆಡಿಟರ್ ಕೇಳಿಯಾರು.