ರೇಸ್ ನೋಡಕ್ಕೆ ಎಲ್ಲಿ ಕೂತ್ಕೋಬೇಕು? – ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮೂರು ಒಂದೇ ವಿಷ್ಯದ್ದು. ಬೈಕ್ ರೇಸು, ಕಾರ್ ರೇಸು ನೋಡಕ್ಕೆ ಹೋದ್ರೆ ಎಲ್ಲಿ ಕೂತ್ಕೋಬೇಕು ಅಂತ. ನಂಗೆ ತುಂಬಾ ಇಷ್ಟದ ವಿಷ್ಯ, ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲಾ ಮುಂದಿನ ಸಂಚಿಕೆಗೆ ಇಟ್ಟಿದೀನಿ.

ಪ್ರಶ್ನೆ: ನಮ್ಮ ಅಪ್ಪಾಜಿ ಯಾದವಗಿರಿ ಜಾವಾ ಫ್ಯಾಕ್ಟರೀಲಿ ಕೆಲಸ ಮಾಡಿದ್ದವ್ರು, ಈಗ 71 ವರ್ಷ. ಟಿವೀಲಿ ಮೋಟೋಜಿಪಿ, ಅಂದ್ರೆ ಬೈಕುಗಳ ವಿಶ್ವ ಚಾಂಪಿಯನ್‌ಶಿಪ್ ರೇಸು, ಒಂದೂ ಬಿಡಲ್ಲ. ಈ ವರ್ಷ ಅವ್ರನ್ನ ಮಲೇಷ್ಯಾದ ಸೆಪಾಂಗ್ ರೇಸ್‌ಗೆ ಕರ್ಕೊಂಡು ಹೋಗ್ಬೇಕು ಅಂತ ನಾನೂ ನಮ್ಮ ಯಜಮಾನ್ರೂ ದುಡ್ಡು ಕೂಡಿಸ್ತಾ ಇದೀವಿ. ಟಿಕೆಟ್ ನೋಡಿದ್ರೆ ಹತ್ತಾರು ಥರ ಸ್ಟ್ಯಾಂಡ್ ಇದೆ, ಒಂದೊಂದಕ್ಕೆ ಒಂದೊಂದು ರೇಟು. ಅಪ್ಪಾಜಿಗೆ ಮಂಡಿ ನೋವು, ಮೆಟ್ಲು ಹತ್ತೋದು ಕಷ್ಟ. ಸ್ಟಾರ್ಟಿಂಗ್ ಲೈನ್ ಎದುರಿಗೇ ತಗೊಳ್ಳೋದಾ? – ಸರಸ್ವತಿಪುರಂನಿಂದ ಒಬ್ಬ ಓದುಗರು

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ನಿಜವಾಗ್ಲೂ ಖುಷಿಯಾಯ್ತು. 1961ರಿಂದ 1996ರವರೆಗೆ ಆ ಫ್ಯಾಕ್ಟರಿಯಿಂದ ಹೊರಗೆ ಬಂದ ಬೈಕುಗಳ ಸದ್ದು ಕೇಳ್ಕೊಂಡೇ ಈ ಊರಲ್ಲಿ ಬೆಳೆದವ್ನು ನಾನು. ಅಲ್ಲಿ ಕೈ ಕೊಳೆ ಮಾಡ್ಕೊಂಡವ್ರಿಗೆ ಒಂದು ಒಳ್ಳೇ ಜಾಗದಲ್ಲಿ ಕೂರ್ಸಿ ರೇಸ್ ತೋರ್ಸೋದು ಅಂದ್ರೆ ಅದು ದೊಡ್ಡ ಕೆಲಸ, ಸರಿಯಾಗೇ ಮಾಡೋಣ.

ಮೊದಲು ಸ್ಟಾರ್ಟಿಂಗ್ ಲೈನ್ ವಿಷ್ಯ. ಎಲ್ರಿಗೂ ಮೊದಲು ಅಲ್ಲೇ ಕೂರ್ಬೇಕು ಅನ್ಸುತ್ತೆ, ನಂಗೂ ಅನ್ಸಿತ್ತು. ಮೊದಲನೇ ಸಲ ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋದಾಗ ಬೆಳಿಗ್ಗೆ ಬೇಗ ಹೋಗಿ ನೇರ ರಸ್ತೆ ಪಕ್ಕದಲ್ಲೇ, ಕೆಳಗಡೆ ಸಾಲಲ್ಲಿ, ಜಾಲರಿಗೆ ಮೂಗು ತಾಗೋ ಹಾಗೆ ಕೂತೆ. ರೇಸ್ ಶುರು ಆಯ್ತು. ಎಡಗಡೆ ಒಂದು ಸದ್ದು, ಕಣ್ಣೆದುರು ಒಂದು ಕೆಂಪು ಗೀಟು ಒಂದು ನೀಲಿ ಗೀಟು, ಬಲಗಡೆ ಇನ್ನೊಂದು ಸದ್ದು, ಮುಗೀತು. ಆಮೇಲೆ ಪೂರ್ತಿ ಒಂದು ಲ್ಯಾಪ್, ಅಂದ್ರೆ ಟ್ರ್ಯಾಕಿನ ಒಂದು ಸುತ್ತು ಮುಗಿಯೋವರ್ಗೂ, ಖಾಲಿ ರಸ್ತೆ ನೋಡ್ಕೊಂಡು ಕೂತ್ಕೋಬೇಕು. ಯಾರು ಮುಂದೆ ಯಾರು ಹಿಂದೆ ಒಂದೂ ಗೊತ್ತಾಗ್ಲಿಲ್ಲ, ಸಂಜೆ ಹೊತ್ತಿಗೆ ಕತ್ತು ಹಿಡ್ಕೊಂಡಿತ್ತು.

ಆವತ್ತಿಂದ ನಾನು ಟಿಕೆಟ್ ತಗೊಳ್ಳೋ ಮುಂಚೆ ಒಂದು ಲೆಕ್ಕ ಹಾಕ್ತೀನಿ, ನೀವೂ ಹಾಕಿ: ಆ ಸೀಟಲ್ಲಿ ಕೂತ್ರೆ ಗಾಡಿ ಎಷ್ಟು ಸೆಕೆಂಡ್ ಕಣ್ಣೆದುರು ಇರುತ್ತೆ? ಗಂಟೆಗೆ 300 ಕಿಲೋಮೀಟರ್ ಸ್ಪೀಡಲ್ಲಿ ಹೋಗೋ ಬೈಕು ಒಂದು ಸೆಕೆಂಡಿಗೆ 83 ಮೀಟರ್ ಹೋಗುತ್ತೆ. ನಿಮ್ಮ ಸೀಟಿಂದ 200 ಮೀಟರ್ ರಸ್ತೆ ಕಾಣುತ್ತೆ ಅಂದ್ಕೊಳ್ಳಿ, ಎರಡೂವರೆ ಸೆಕೆಂಡಿಗೂ ಕಮ್ಮಿ. ಸೆಪಾಂಗಲ್ಲಿ ಮೋಟೋಜಿಪಿ 20 ಲ್ಯಾಪು, ಅಂದ್ರೆ ಹತ್ರಹತ್ರ 40 ನಿಮಿಷದ ರೇಸಲ್ಲಿ ನಿಮ್ಮ ಅಪ್ಪಾಜಿ ಅವರ ಮೆಚ್ಚಿನ ರೈಡರನ್ನ ನೋಡೋದು ಒಟ್ಟು ಒಂದು ನಿಮಿಷಾನೂ ಇಲ್ಲ. ಅದೇ ಒಂದು ಹೇರ್‌ಪಿನ್ ತಿರುವಿನ (ಪೂರ್ತಿ ಹಿಂದಕ್ಕೆ ತಿರುಗೋ ತಿರುವು) ಎದುರು ಕೂತ್ರೆ, ದೂರದಿಂದ ಬರೋದು, ಬ್ರೇಕ್ ಹಾಕೋದು, ಬಗ್ಗಿ ತಿರುಗೋದು, ಮತ್ತೆ ಎದ್ದು ಎಳ್ಕೊಂಡು ಹೋಗೋದು, ಇದೆಲ್ಲಾ ಸೇರಿ ಹತ್ತು ಸೆಕೆಂಡು ಆರಾಮಾಗಿ ಸಿಗುತ್ತೆ. ಇಪ್ಪತ್ತು ಲ್ಯಾಪಿಗೆ ಮೂರು ನಿಮಿಷಕ್ಕಿಂತ ಜಾಸ್ತಿ ಆಯ್ತು, ಅದೂ ಒಬ್ಬ ರೈಡರದ್ದು. ಹಿಂದೆ ಇಪ್ಪತ್ತು ಬೈಕು ಇರುತ್ತೆ.

ದಸರಾ ಜಂಬೂಸವಾರಿಗೆ ಜಾಗ ಹಿಡಿಯೋರನ್ನ ಕೇಳಿ, ಕೆ.ಆರ್. ಸರ್ಕಲ್ ತಿರುವನ್ನ ಯಾಕೆ ಬಿಡಲ್ಲ ಅಂತ. ಅಂಬಾರಿ ಎದುರಿಂದ ಬರೋದು ಕಾಣುತ್ತೆ, ಸಯ್ಯಾಜಿರಾವ್ ರೋಡಿಗೆ ತಿರುಗುವಾಗ ಪಕ್ಕದಿಂದ ಕಾಣುತ್ತೆ, ಆಮೇಲೆ ಹಿಂದಿಂದಾನೂ ಕಾಣುತ್ತೆ. ಆನೆ ನಿಧಾನಕ್ಕೆ ಹೋಗುತ್ತೆ, ಎಲ್ಲಿ ನಿಂತ್ರೂ ನಡೆಯುತ್ತೆ. ಬೈಕಿಗೆ ಆ ತಿರುವೇ ಎಲ್ಲಾ.

ಎಲ್ಲಾ ತಿರುವೂ ಒಂದೇ ಅಲ್ಲ ಮತ್ತೆ. ಉದ್ದನೇ ನೇರ ರಸ್ತೆ ಮುಗಿದು ಥಟ್ ಅಂತ ನಿಧಾನದ ತಿರುವು ಬರುತ್ತಲ್ಲ, ಓವರ್‌ಟೇಕ್ ಆಗೋದು ಅಲ್ಲೇ. ಯಾಕೆ ಅಂದ್ರೆ ನೇರ ರಸ್ತೇಲಿ ಮುಂದಿನ ಬೈಕಿನ ಹಿಂದೆ ಗಾಳಿ ತಡೆ ಕಮ್ಮಿ ಇರುತ್ತೆ, ಅಲ್ಲಿ ಅಂಟ್ಕೊಂಡು ಬಂದು, ಬ್ರೇಕ್ ಹಾಕೋ ಹೊತ್ತಿಗೆ ಪಕ್ಕಕ್ಕೆ ಬಂದು, ಅವ್ನಿಗಿಂತ ಒಂದು ಚೂರು ಲೇಟಾಗಿ ಬ್ರೇಕ್ ಹಿಡಿದವ್ನು ಒಳಗೆ ನುಗ್ತಾನೆ. ಸ್ಪೀಡಾಗಿ ಹೋಗೋ ಉದ್ದ ತಿರುವುಗಳಲ್ಲಿ ನೋಡಕ್ಕೆ ಚೆಂದ ಇರುತ್ತೆ ಆದ್ರೆ ಅಲ್ಲಿ ಹಾಗೆ ದಾಟೋದು ಅಪರೂಪ.

ಸೆಪಾಂಗ್ ಈ ವಿಷ್ಯದಲ್ಲಿ ತುಂಬಾ ಅನುಕೂಲ. 1999ರಲ್ಲಿ ಶುರುವಾದ ಟ್ರ್ಯಾಕು, 5.543 ಕಿಲೋಮೀಟರ್, 15 ತಿರುವು. ಅಲ್ಲಿ ಎರಡು ಉದ್ದನೇ ನೇರ ರಸ್ತೆ ಅಕ್ಕಪಕ್ಕ ಇದಾವೆ, ಮಧ್ಯದಲ್ಲೇ ಮೇನ್ ಗ್ರ್ಯಾಂಡ್‌ಸ್ಟ್ಯಾಂಡು, ಎರಡೂ ಕಡೆಗೆ ಮುಖ ಮಾಡಿ ಕಟ್ಟಿರೋದು, ಮೇಲೆ ದೊಡ್ಡ ದೊಡ್ಡ ಎಲೆ ಥರ ಚಾವಣಿ. ಹಿಂದಿನ ನೇರ ರಸ್ತೆ ಮುಗಿದು 15ನೇ ತಿರುವಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಬಂದ್ರೆ ಸ್ಟಾರ್ಟಿಂಗ್ ಲೈನ್. ಕೊನೇ ಲ್ಯಾಪಲ್ಲಿ ಕೊನೇ ಅವಕಾಶ ಅಲ್ಲೇ. ಅದಕ್ಕೆ ನನ್ನ ಸಲಹೆ: ಮೇನ್ ಸ್ಟ್ಯಾಂಡೇ ತಗೊಳ್ಳಿ, ಆದ್ರೆ ಸ್ಟಾರ್ಟಿಂಗ್ ಲೈನ್ ಎದುರುಗಡೆ ಬ್ಲಾಕ್ ಬೇಡ, ಆ ಕೊನೇ ತಿರುವಿಗೆ ಎಷ್ಟು ಹತ್ರ ಸಿಗುತ್ತೋ ಅಷ್ಟು ಹತ್ರದ ಬ್ಲಾಕ್. ಬುಕ್ ಮಾಡೋವಾಗ ಸೀಟ್ ಮ್ಯಾಪ್ ತೆಗೆದು ತಿರುವಿನ ನಂಬರ್ ನೋಡ್ಕೊಂಡೇ ಕ್ಲಿಕ್ ಮಾಡಿ.

ಎರಡನೇದು ಸಾಲು. ಕೆಳಗಿನ ಸಾಲು ಬೇಡವೇ ಬೇಡ. ಜಾಲರಿ ಮಧ್ಯದಿಂದ ನೋಡ್ಬೇಕಾಗುತ್ತೆ, ಫೋಟೋದಲ್ಲೆಲ್ಲಾ ತಂತಿ ಬರುತ್ತೆ, ಒಂದು ಗಂಟೆ ಆದ್ಮೇಲೆ ಕಣ್ಣು ನೋಯುತ್ತೆ. ಜಾಲರಿಯ ಮೇಲಿನ ಅಂಚಿಗಿಂತ ಎತ್ತರ ಇರೋ ಸಾಲು ಸಿಕ್ರೆ ತಿರುವು ಪೂರ್ತಿ ಹಾಸಿಟ್ಟ ಹಾಗೆ ಕಾಣುತ್ತೆ. ಅಪ್ಪಾಜಿ ಮಂಡಿ ವಿಷ್ಯ ಇರೋದ್ರಿಂದ ತೀರಾ ಮೇಲಕ್ಕೂ ಹೋಗ್ಬೇಡಿ, ಮಧ್ಯದ ಸಾಲು, ಅದ್ರಲ್ಲೂ ನಡಿಯೋ ದಾರಿ ಪಕ್ಕದ ಸೀಟು, ಪದೇ ಪದೇ ಎದ್ದು ಹೋಗ್ಬೇಕಾದ್ರೆ ಇಡೀ ಸಾಲನ್ನ ದಾಟೋ ಕೆಲಸ ಇರಲ್ಲ. ಎದುರಿಗೆ ದೊಡ್ಡ ಸ್ಕ್ರೀನ್ ಇದ್ಯಾ ಅಂತಾನೂ ನೋಡ್ಕೊಳ್ಳಿ, ಟ್ರ್ಯಾಕಿನ ಆ ಕಡೆ ಏನಾಗ್ತಿದೆ ಅಂತ ಗೊತ್ತಾಗೋದು ಅದರಿಂದಾನೇ.

ಹುಲ್ಲು ದಿಬ್ಬದ ಟಿಕೆಟ್ ಕಮ್ಮಿ ರೇಟಿಗೆ ಸಿಗುತ್ತೆ, ಕಾಲೇಜ್ ಹುಡುಗ್ರಿಗೆ ನಾನೇ ಹೇಳ್ತೀನಿ ಅಲ್ಲಿಗೆ ಹೋಗಿ ಅಂತ. ನಿಮ್ಮ ಅಪ್ಪಾಜಿಗೆ ಬೇಡ. ಅಲ್ಲಿಯ ಬಿಸಿಲು ನಮ್ಮ ಮೈಸೂರಿನ ಬಿಸಿಲಲ್ಲ, ಬೆವರು ಒಣಗಲ್ಲ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಯಾವಾಗ ಬರುತ್ತೋ ಗೊತ್ತಿಲ್ಲ. 2009ರಲ್ಲಿ ಇದೇ ಟ್ರ್ಯಾಕಲ್ಲಿ ಎಫ್1 (ಫಾರ್ಮುಲಾ 1) ಕಾರ್ ರೇಸು ಮಳೆಗೆ ಅರ್ಧಕ್ಕೇ ನಿಂತು, ಎಲ್ರಿಗೂ ಅರ್ಧದಷ್ಟೇ ಪಾಯಿಂಟ್ ಕೊಟ್ಟು ಮುಗಿಸಿದ್ರು. ಹಾಗಾಗಿ ಚಾವಣಿಗೆ ಕೊಡೋ ದುಡ್ಡು ದಂಡ ಅಲ್ಲ. ಛತ್ರಿ ಬಿಟ್ಟು ರೈನ್‌ಕೋಟ್ ತಗೊಂಡು ಹೋಗಿ, ಹಿಂದೆ ಕೂತವ್ರಿಗೂ ರೇಸ್ ಕಾಣ್ಬೇಕಲ್ಲ. ಕಿವಿಗೆ ಮೆಡಿಕಲ್ ಸ್ಟೋರಲ್ಲಿ ಸಿಗೋ ಫೋಮ್ ಪ್ಲಗ್ಗು, ಹತ್ತಿ ಸಾಕಾಗಲ್ಲ.

ಇನ್ನೊಂದು, ಭಾನುವಾರ ಬೆಳಿಗ್ಗೇನೇ ಹೋಗಿ ಕೂತ್ಕೊಳ್ಳಿ, ದೊಡ್ಡ ರೇಸಿಗೆ ಮುಂಚೆ ಮೋಟೋ3 ಇರುತ್ತೆ. ಬರೀ 250 ಸಿಸಿ ಸಿಂಗಲ್ ಸಿಲಿಂಡರ್ ಗಾಡಿಗಳು, ಎಂಟು ಹತ್ತು ಬೈಕು ಒಟ್ಟಿಗೆ ಗುಂಪಾಗಿ ಆ ನೇರ ರಸ್ತೇಲಿ ಬಂದು ಅದೇ ತಿರುವಿಗೆ ಒಟ್ಟಿಗೇ ಬ್ರೇಕ್ ಹಾಕ್ತಾರೆ. ಅಪ್ಪಾಜಿಗೆ ಹೇಳಿ, ಬ್ರೇಕ್ ಹಾಕೋ ಜಾಗದಲ್ಲಿ ಹಿಂದಿನ ಚಕ್ರ ನೋಡಿ ಅಂತ. ನೆಲ ಬಿಟ್ಟು ಒಂದು ಬೆರಳಷ್ಟು ಎದ್ದು ಅಲ್ಲಾಡ್ತಾ ಇರುತ್ತೆ, ರೈಡರು ತಿರುವಿನ ಒಳಗಡೆ ಕಾಲನ್ನ ಕಾಲಿಡೋ ಪೆಗ್ಗಿಂದ ತೆಗೆದು ಗಾಳೀಲಿ ಜೋತು ಬಿಟ್ಟಿರ್ತಾನೆ, ಗೇರ್ ಇಳಿಸುವಾಗ ಸೈಲೆನ್ಸರಿಂದ ಪಟಪಟ ಅಂತ ಸದ್ದು. ಟಿವೀಲಿ ಕ್ಯಾಮೆರಾ ಎಲ್ಲಿ ತೋರ್ಸುತ್ತೋ ಅಲ್ಲಿ ನೋಡ್ಬೇಕು, ಇಲ್ಲಿ ಅವ್ರಿಗೆ ಬೇಕಾದ್ದನ್ನ ಅವ್ರೇ ನೋಡ್ಬಹುದು. ಫ್ಯಾಕ್ಟರೀಲಿ ಕೆಲಸ ಮಾಡಿದ ಕಣ್ಣಿಗೆ ಅದು ಇನ್ನೂ ಚೆನ್ನಾಗಿ ಕಾಣುತ್ತೆ.

ಪ್ರಶ್ನೆ: ಸಾರ್, ನಾನು ಮಂಡ್ಯ ಹತ್ರ ಒಂದು ಹೈಸ್ಕೂಲಲ್ಲಿ ಮೇಷ್ಟ್ರು. ಕಾರ್ ರೇಸು ತೋರ್ಸಿ ಅಂತ ಹುಡುಗ್ರು ಒಂದೇ ಸಮ ಪ್ರಾಣ ತಿಂತಾವ್ರೆ. ಅವರ ಅಪ್ಪಂದಿರೂ ಒಪ್ಕೊಂಡವ್ರೆ, ಒಂದು ಟಿಟಿ ಮಾಡ್ಕಂಡು ಕೊಯಮತ್ತೂರಿಗೆ ಹೋಗವಾ ಅಂತ. ಹನ್ನೊಂದು ಹುಡುಗ್ರು, ಇಬ್ರು ದೊಡ್ಡವ್ರು. ಎಲ್ಲಿ ಕೂರ್ಸಿದ್ರೆ ಹುಡುಗ್ರಿಗೆ ಬೇಜಾರಾಗಲ್ಲ ಹೇಳಿ. – ಮಂಡ್ಯ ತಾಲ್ಲೂಕಿನ ಓದುಗರು

ಉತ್ತರ: ಮೇಷ್ಟ್ರೇ, ಒಳ್ಳೇ ಟ್ರ್ಯಾಕನ್ನೇ ಆರಿಸಿದೀರ. ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿರೋ ಕರಿ ಮೋಟಾರ್ ಸ್ಪೀಡ್‌ವೇ ಎರಡು ಕಿಲೋಮೀಟರಿಗೆ ಸ್ವಲ್ಪ ಮೇಲೆ ಅಷ್ಟೇ. ಫಾರ್ಮುಲಾ ಕಾರು (ಒಬ್ರೇ ಕೂರೋ, ಚಕ್ರ ಹೊರಗೆ ಕಾಣೋ ರೇಸ್ ಕಾರು) ಒಂದೂಕಾಲು ನಿಮಿಷದ ಆಸುಪಾಸಲ್ಲಿ ಒಂದು ಸುತ್ತು ಮುಗಿಸಿ ಮತ್ತೆ ನಿಮ್ಮೆದುರಿಗೆ ಬಂದುಬಿಡುತ್ತೆ, ಹುಡುಗ್ರಿಗೆ ಕಾಯೋ ಕೆಲಸ ಕಮ್ಮಿ. ದೊಡ್ಡ ಟ್ರ್ಯಾಕಲ್ಲಿ ಮಕ್ಕಳು ಎರಡನೇ ರೇಸಿಗೇ ಐಸ್‌ಕ್ರೀಮ್ ಕೇಳಕ್ಕೆ ಶುರು ಮಾಡ್ತವೆ.

ಅಲ್ಲಿ ಹೋದ ತಕ್ಷಣ ಸಿಕ್ಕಿದ ಜಾಗದಲ್ಲಿ ಕೂರ್ಸಿಬಿಡ್ಬೇಡಿ. ಪ್ರೇಕ್ಷಕರಿಗೆ ಅಂತ ಬಿಟ್ಟಿರೋ ಜಾಗದಲ್ಲೇ ಒಂದು ಸುತ್ತು ನಡೀರಿ, ಎಲ್ಲಿ ಎತ್ತರ ಇದೆ, ಎಲ್ಲಿಂದ ಹೆಚ್ಚು ಟ್ರ್ಯಾಕ್ ಕಾಣುತ್ತೆ, ಎಲ್ಲಿ ನೇರ ರಸ್ತೆ ಮುಗಿಯೋದು ಕಾಣುತ್ತೆ ಅಂತ ನೋಡಿ ಆಮೇಲೆ ಕೂರ್ಸಿ. ಮಧ್ಯಾಹ್ನದ ಮೇಲೆ ಬಿಸಿಲು ಪಶ್ಚಿಮದಿಂದ ಕಣ್ಣಿಗೇ ಹೊಡೆಯುತ್ತೆ, ಆದಷ್ಟು ಪಶ್ಚಿಮಕ್ಕೆ ಬೆನ್ನು ಬರೋ ಹಾಗೆ ಕೂತ್ಕೊಳ್ಳಿ, ಗದ್ದೇಲಿ ಕೆಲಸ ಮಾಡೋರಿಗೆ ಇದನ್ನ ನಾನು ಹೇಳ್ಕೊಡ್ಬೇಕಾಗಿಲ್ಲ.

ಇಲ್ಲಿ ಓಡೋ ಎಲ್‌ಜಿಬಿ ಫಾರ್ಮುಲಾ 4 ಕಾರುಗಳೆಲ್ಲಾ ಒಂದೇ ಥರ, ಒಳಗಿರೋದು ಮಾರುತಿ ಸುಜುಕಿ ಇಂಜಿನ್ನು. ಕಾರಲ್ಲಿ ವ್ಯತ್ಯಾಸ ಇಲ್ಲ ಅಂದ್ಮೇಲೆ ಓಡಿಸೋನ ಕೈಚಳಕ ಅಷ್ಟೇ, ಅದು ಕಾಣೋದು ಬ್ರೇಕ್ ಹಾಕೋ ಜಾಗದಲ್ಲಿ. ತಿರುವಿಗೆ ಮುಂಚೆ ರಸ್ತೆ ಪಕ್ಕ ದೂರ ತೋರ್ಸೋ ಬೋರ್ಡ್‌ಗಳು ಇರ್ತವೆ. ಹುಡುಗ್ರಿಗೆ ಹೇಳಿ, ಯಾವ ಕಾರು ಯಾವ ಬೋರ್ಡ್ ದಾಟಿದ್ಮೇಲೆ ಬ್ರೇಕ್ ಹಾಕ್ತು ಅಂತ ನೋಡಿ ಅಂತ. ಒಬ್ಬೊಬ್ಬ ಹುಡುಗನಿಗೆ ಒಂದೊಂದು ಕಾರ್ ನಂಬರ್ ಹಂಚಿಬಿಡಿ, ಒಂದು ನೋಟ್‌ಬುಕ್ ಇಟ್ಕೊಳ್ಳಿ, ಪ್ರತಿ ಲ್ಯಾಪಲ್ಲಿ ಅವನ ಕಾರು ಎಷ್ಟನೇದಾಗಿ ಬಂತು ಅಂತ ಕೂಗ್ಲಿ, ಒಬ್ಬ ಬರ್ಕೊಳ್ಲಿ. ನಾನು ನಮ್ಮಣ್ಣನ ಮಕ್ಕಳ ಜೊತೆ ಇದನ್ನ ಮಾಡಿದೀನಿ, ಆರನೇ ಲ್ಯಾಪಿಗೆ ಅವ್ರೇ ನಂಗೆ ಹೇಳ್ತಾ ಇದ್ರು, ಚಿಕ್ಕಪ್ಪ ನೋಡಿ ಏಳನೇ ನಂಬರಿನವ್ನು ಪ್ರತಿ ಸುತ್ತಿಗೂ ಹತ್ರ ಬರ್ತಾ ಇದಾನೆ, ಈ ಸಲ ನುಗ್ತಾನೆ ಅಂತ. ನುಗ್ಗಿಯೂಬಿಟ್ಟ!

ಟ್ರ್ಯಾಕಿನ ಹೆಸರಿನ ಕಥೇನೂ ಹೇಳಿ ಅವ್ರಿಗೆ. ಎಸ್. ಕರಿವರ್ಧನ್ ಅಂತ ಕೊಯಮತ್ತೂರಿನವ್ರು, ನಮ್ಮ ದೇಶದಲ್ಲೇ ಕಮ್ಮಿ ಖರ್ಚಲ್ಲಿ ಫಾರ್ಮುಲಾ ಮಾರುತಿ ಅನ್ನೋ ರೇಸ್ ಕಾರು ಮಾಡಿದವ್ರು, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರ್ಕೊಂಡ್ರು. 2005ರಲ್ಲಿ ಎಫ್1 ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಅದೇ ಊರಲ್ಲಿ ಬೆಳೆದವ್ರು.

ದಾರಿ ಬಗ್ಗೆ ಒಂದು ಮಾತು. ಚಾಮರಾಜನಗರದ ಮೇಲೆ ಹೋದ್ರೆ ದಿಂಬಂ ಘಾಟಲ್ಲಿ 27 ಹೇರ್‌ಪಿನ್ ತಿರುವು, ತಿಂಡಿ ತಿಂದ ತಕ್ಷಣ ಹತ್ತಿಸ್ಬೇಡಿ, ಹುಡುಗ್ರು ವಾಂತಿ ಮಾಡ್ಕೋತವೆ. ಕಾಡುದಾರಿ, ರಾತ್ರಿ ಗಾಡಿ ಬಿಡೋ ಟೈಮಿಂಗ್ಸ್ ಮೊದಲೇ ವಿಚಾರಿಸ್ಕೊಂಡು ಹೊರಡಿ, ಹಿಂದಿನ ದಿನಾನೇ ಹೋಗಿ ಉಳ್ಕೊಂಡ್ರೆ ಇನ್ನೂ ವಾಸಿ.

ಪ್ರಶ್ನೆ: ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲಿ ಮಣ್ಣಿನ ಟ್ರ್ಯಾಕ್ ರೇಸ್ ನಡೆದಾಗ ನಾವು ಫ್ರೆಂಡ್ಸ್ ಎಲ್ಲಾ ತಿರುವಿನ ಹೊರಗಡೆ ನಿಂತು ವಿಡಿಯೋ ಮಾಡ್ತೀವಿ, ಮಣ್ಣು ಹಾರೋದು ಸೂಪರಾಗಿ ಬರುತ್ತೆ. ಇನ್ನೂ ಹತ್ರ ಹೋಗಕ್ಕೆ ಒಳ್ಳೇ ಜಾಗ ಯಾವ್ದು? – ಮೈಸೂರು, ಕಾಲೇಜು ವಿದ್ಯಾರ್ಥಿ

ಉತ್ತರ: ತಮ್ಮಾ, ಆ ಜಾಗ ಬಿಟ್ಟುಬಿಡು. ಮಣ್ಣಲ್ಲಿ ಟೈರಿಗೆ ಹಿಡಿತ ಕಮ್ಮಿ, ಹಿಡಿತ ತಪ್ಪಿದ ಗಾಡಿ ಜಾರೋದು ಹೆಚ್ಚಾಗಿ ತಿರುವಿನ ಹೊರಗಡೆಗೇ, ಅಂದ್ರೆ ನೀವು ಫೋನ್ ಹಿಡ್ಕೊಂಡು ನಿಂತಿರೋ ಕಡೆಗೇ. ಫೋನ್ ಸ್ಕ್ರೀನಲ್ಲಿ ಗಾಡಿ ದೂರ ಇದ್ದ ಹಾಗೆ ಕಾಣುತ್ತೆ, ಓಡೋಣ ಅನ್ನೋ ಹೊತ್ತಿಗೆ ಬಂದಿರುತ್ತೆ. 1955ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ಒಂದು ಕಾರು ಟ್ರ್ಯಾಕ್ ಬಿಟ್ಟು ಅಂಚಿನ ಮಣ್ಣುದಿಬ್ಬಕ್ಕೆ ಬಡಿದು ಚೂರಾಗಿ, ಅದರ ಭಾಗಗಳು ಜನರ ಮೇಲೆ ಬಿದ್ದು 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ರು. ಅದೂ ಅಷ್ಟು ದೊಡ್ಡ, ಹೆಸರಾದ ಟ್ರ್ಯಾಕಲ್ಲಿ. ಮೈದಾನದಲ್ಲಿ ನಿಮ್ಮ ಮುಂದೆ ಬರೀ ಒಂದು ಪ್ಲಾಸ್ಟಿಕ್ ಟೇಪು ಇದ್ರೆ ಅದು ಯಾವ ಗಾಡೀನೂ ತಡೆಯಲ್ಲ.

ಬ್ಯಾರಿಕೇಡ್ ಹಿಂದೆ, ತಿರುವಿನ ಒಳಮಗ್ಗುಲಲ್ಲಿ ಜನರಿಗೆ ಜಾಗ ಬಿಟ್ಟಿದ್ರೆ ಅಲ್ಲಿ, ಇಲ್ಲಾಂದ್ರೆ ತಿರುವಿಂದ ಹಿಂದಕ್ಕೆ ಸರಿದು ಎತ್ತರದಲ್ಲಿ ನಿಲ್ಲಿ. ಒಂದು ಕರ್ಚೀಫ್ ಮೇಲೆತ್ತಿ ಗಾಳಿ ಯಾವ ಕಡೆ ಬೀಸ್ತಿದೆ ನೋಡ್ಕೊಂಡು ಗಾಳಿಗೆ ಬೆನ್ನು ಮಾಡಿ ನಿಂತ್ರೆ ಧೂಳು ಆ ಕಡೆ ಹೋಗುತ್ತೆ, ನಿಮ್ಮ ವಿಡಿಯೋದಲ್ಲಿ ಗಾಡೀನೂ ಕಾಣುತ್ತೆ, ಹಾರೋ ಮಣ್ಣೂ ಕಾಣುತ್ತೆ. ಟ್ರ್ಯಾಕ್ ಕಾಯೋ ಮಾರ್ಷಲ್ ಸೀಟಿ ಊದಿ ಹಿಂದಕ್ಕೆ ಹೋಗಿ ಅಂದ್ರೆ ಆ ಕ್ಷಣಾನೇ ಹೋಗಿ, ರೆಕಾರ್ಡಿಂಗ್ ಅರ್ಧಕ್ಕೆ ನಿಂತ್ರೂ ಪರ್ವಾಗಿಲ್ಲ.