ಬೀನ್ಸ್ ಬಾಟಲಿ, ಹುಳಿಯುವ ಹಾಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ಹಿತ್ತಲಲ್ಲಿ ಬೀನ್ಸ್, ಟೊಮೆಟೊ ವಿಪರೀತ ಬಂದಿವೆ. ಬೀನ್ಸನ್ನು ಉಪ್ಪುನೀರಿನೊಂದಿಗೆ ಗಾಜಿನ ಬಾಟಲಿಗೆ ತುಂಬಿ, ಮನೆಯ ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿ, ಮುಚ್ಚಳ ಬಿಗಿದಿಟ್ಟರೆ ವರ್ಷವಿಡೀ ಇರುತ್ತದೆಯೇ? ಅಥವಾ ವ್ಯಾಕ್ಯೂಮ್ ಸೀಲರ್ ಕೊಳ್ಳಲೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಈಗಾಗಲೇ ತುಂಬಿ ಹೊರಗಿಟ್ಟಿದ್ದರೆ ರುಚಿ ನೋಡುವುದಕ್ಕೂ ತೆರೆಯಬೇಡಿ. ನಿಮ್ಮ ಪತ್ರ ಓದಿ ನನಗೆ ಕಳವಳವಾಯಿತು, ಅದಕ್ಕೇ ಈ ಬಾರಿ ಇದನ್ನೇ ಮೊದಲಿಗೆ ಎತ್ತಿಕೊಂಡಿದ್ದೇನೆ.

ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಮ್ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಗಾಳಿಯಿಲ್ಲದ, ಹುಳಿಯಿಲ್ಲದ, ಬೆಚ್ಚಗಿನ ಜಾಗ ಸಿಕ್ಕರೆ ಮೊಳೆತು ವಿಷ ಬಿಡುತ್ತವೆ. ಮುಚ್ಚಳ ಬಿಗಿದ ಬೀನ್ಸ್ ಬಾಟಲಿ ಅಂಥದೇ ಜಾಗ. ಬಣ್ಣ, ವಾಸನೆ ಏನೂ ಕೆಡದಿದ್ದರೂ ವಿಷ ಇರಬಹುದು. ಉಸಿರಾಟವನ್ನೇ ನಿಲ್ಲಿಸಬಲ್ಲ ವಿಷ ಅದು.

ಕುಕ್ಕರಿನೊಳಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಬರುತ್ತದೆ, ನಿಜ. ಆದರೆ ಆ ಶಾಖ ಬಾಟಲಿಯ ನಡುವಿನ ತನಕ ತಲುಪಿ, ಬೇಕಾದಷ್ಟು ಹೊತ್ತು ನಿಲ್ಲಬೇಕು. ಇದಕ್ಕೆಂದೇ ಇರುವ ಪ್ರೆಶರ್ ಕ್ಯಾನರ್ ದೊಡ್ಡದು. ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ, ಪರೀಕ್ಷಿಸಿ ಕೊಟ್ಟಿರುವ ಸಮಯದ ಲೆಕ್ಕದಲ್ಲಿ ಆ ನಿಧಾನವೂ ಸೇರಿದೆ. ಮನೆಯ ಕುಕ್ಕರ್ ಬೇಗ ಆರಿಬಿಡುತ್ತದೆ. ಇನ್ನು ಸೀಲರ್ ಗಾಳಿಯನ್ನು ತೆಗೆಯುತ್ತದೆಯೇ ಹೊರತು ಸೂಕ್ಷ್ಮಜೀವಿಯನ್ನಲ್ಲ. ಸೀಲ್ ಮಾಡಿದ ಬೀನ್ಸನ್ನು ಕಪಾಟಿನಲ್ಲಿಟ್ಟರೆ ಅಪಾಯ ಅದೇ. ಫ್ರೀಜರಿನಲ್ಲಿಡುವ ಪದಾರ್ಥ ಒಣಗದಂತೆ ಕಾಪಾಡುವುದಕ್ಕೆ ಮಾತ್ರ ಅದು ಒಳ್ಳೆಯ ಯಂತ್ರ.

ಹಾಗಾಗಿ ದುಡ್ಡನ್ನು ಫ್ರೀಜರಿಗೆ ಹಾಕಿ. ಬೀನ್ಸಿನ ನಾರು ತೆಗೆದು, ಕತ್ತರಿಸಿ, ಬುರುಬುರು ಕುದಿಯುವ ನೀರಿಗೆ ಹಾಕಿ. ಮಂಕಾಗಿದ್ದ ಹಸಿರು ಒಮ್ಮೆಗೇ ಹೊಳಪಾಗುತ್ತದೆ. 3 ನಿಮಿಷಕ್ಕೆ ಬಸಿದು ಐಸ್ ನೀರಿಗೆ ಸುರಿಯಿರಿ. ಇಷ್ಟು ಮಾಡದಿದ್ದರೆ ಕಾಯಿಯೊಳಗಿನ ಕಿಣ್ವಗಳು ಫ್ರೀಜರಿನಲ್ಲೂ ಕೆಲಸ ನಿಲ್ಲಿಸದೆ ಬಣ್ಣ, ರುಚಿ ಎರಡನ್ನೂ ಕೆಡಿಸುತ್ತವೆ. ಬಟ್ಟೆಯ ಮೇಲೆ ಹರಡಿ ನೀರಾರಿಸಿ, ತಟ್ಟೆಯಲ್ಲಿ ಒಂದೇ ಪದರವಾಗಿಟ್ಟು ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ತುಂಬಿ. ನೇರವಾಗಿ ಚೀಲಕ್ಕೆ ತುಂಬಿದರೆ ಎಲ್ಲವೂ ಒಂದೇ ಗಡ್ಡೆಯಾಗಿ, ಒಂದು ಹಿಡಿ ಬೇಕೆಂದರೂ ಸುತ್ತಿಗೆ ಹುಡುಕಬೇಕಾಗುತ್ತದೆ. ಟೊಮೆಟೊಗೆ ಇಷ್ಟು ಉಪಚಾರ ಬೇಡ. ತೊಳೆದು ಒರೆಸಿ ಇಡಿಯಾಗಿಯೇ ಇಡಿ. ಬೇಕಾದಾಗ ನಲ್ಲಿಯ ಕೆಳಗೆ ಹಿಡಿದರೆ ಸಿಪ್ಪೆ ಜಾರಿ ಕೈಗೆ ಬರುತ್ತದೆ. ಹಸಿಯಾಗಿ ತಿನ್ನಲು ಬಾರದು, ಬೇಯಿಸುವುದಕ್ಕೆ ಚೆನ್ನ.

ಪ್ರಶ್ನೆ: ಹೊಸ ಸ್ಲೋ ಕುಕ್ಕರಿನಲ್ಲಿ ನೆನೆಸಿದ ಕೆಂಪು ರಾಜ್ಮಾ ಬೇಯಿಸಿದೆವು. ತಿಂದ ಎಲ್ಲರಿಗೂ ವಾಂತಿ. ಯಂತ್ರ ಕೆಟ್ಟಿದೆಯೇ?

ಉತ್ತರ: ಯಂತ್ರದ ತಪ್ಪಿರಲಾರದು. ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇದೆ. ಅದು ಅಳಿಯಲು ನೀರು ಚೆನ್ನಾಗಿ ಕುದಿಯಬೇಕು. ಸ್ಲೋ ಕುಕ್ಕರಿನಲ್ಲಿ ಕಾಳು ಅಷ್ಟು ಬಿಸಿಯಾಗದೆ ಇರಬಹುದು. 80 ಡಿಗ್ರಿಯ ಸುತ್ತ ಅರೆಬೆಂದ ಕಾಳು ಹಸಿ ಕಾಳಿಗಿಂತಲೂ ಹೆಚ್ಚು ತೊಂದರೆ ಕೊಡಬಲ್ಲದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಕುದಿಸಿ. 10 ನಿಮಿಷ ಸಾಕೆನ್ನುವವರಿದ್ದಾರೆ. ನಾನು ಅರ್ಧ ಗಂಟೆ ಬಿಡುತ್ತೇನೆ. ಆಮೇಲೆ ಬೇಕಾದರೆ ಸ್ಲೋ ಕುಕ್ಕರಿಗೆ ವರ್ಗಾಯಿಸಿ. ಸಾಮಾನ್ಯ ಪ್ರೆಶರ್ ಕುಕ್ಕರಿನಲ್ಲಿ ಪೂರ್ತಿ ಬೇಯಿಸಿದರೆ ಈ ಚಿಂತೆಯೇ ಇಲ್ಲ.

ಪ್ರಶ್ನೆ: ಫ್ರಿಜ್‌ನಲ್ಲಿಟ್ಟ ಹಾಲು ಎರಡೇ ದಿನಕ್ಕೆ ಹುಳಿಯುತ್ತದೆ. ಹೊಸ ಫ್ರಿಜ್ ಕೊಳ್ಳಬೇಕೇ?

ಉತ್ತರ: ಅವಸರ ಬೇಡ. ಒಂದು ಲೋಟ ನೀರಿನಲ್ಲಿ ಫ್ರಿಜ್ ಥರ್ಮಾಮೀಟರ್ ಮುಳುಗಿಸಿ ನಡುವಿನ ಹಲಗೆಯ ಮೇಲೆ ರಾತ್ರಿಯಿಡೀ ಇಡಿ. ಬೆಳಿಗ್ಗೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ಗುಂಡಿಯ ಮೇಲಿನ 1, 2, 3 ಎಂಬ ಅಂಕಿಗಳನ್ನು ನಂಬಬೇಡಿ, ಅವು ಡಿಗ್ರಿಗಳಲ್ಲ. ಹೆಚ್ಚು ತೋರಿಸಿದರೆ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ರಬ್ಬರ್ ಪಟ್ಟಿ ಸಡಿಲವಾಗಿದೆ, ಅದನ್ನಷ್ಟೇ ಬದಲಿಸಿದರೂ ಆದೀತು. ಹಿಂದಿನ ಕಾಯಿಲ್ ಹೊರಗೆ ಕಾಣುವಂತಿದ್ದರೆ ಪ್ಲಗ್ ತೆಗೆದು ಅದರ ಧೂಳು ಒರೆಸಿ. ಹಾಲನ್ನು ಬಾಗಿಲಲ್ಲಿಡುತ್ತಿದ್ದರೆ ಒಳಗಿನ ಹಲಗೆಗೆ ಸರಿಸಿ, ಬಾಗಿಲು ಫ್ರಿಜ್‌ನಲ್ಲೇ ಹೆಚ್ಚು ಬೆಚ್ಚಗಿರುವ ಜಾಗ. ಇಷ್ಟೆಲ್ಲ ಆದಮೇಲೂ ಅಂಕಿ ಇಳಿಯದಿದ್ದರೆ ಮೆಕ್ಯಾನಿಕ್ ಕರೆಸಿ.

ಪ್ರಶ್ನೆ: ಕರೆಂಟು ಹೋದರೆ ಫ್ರೀಜರಿನ ಪದಾರ್ಥ ಎಷ್ಟು ಹೊತ್ತು ತಡೆಯುತ್ತದೆ?

ಉತ್ತರ: ಬಾಗಿಲು ತೆರೆಯದಿದ್ದರೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಕೆಳಗಿನ ಫ್ರಿಜ್ ಭಾಗ 4 ಗಂಟೆ ಮಾತ್ರ. ಕರೆಂಟು ಬಂದಮೇಲೆ ಪದಾರ್ಥದಲ್ಲಿ ಇನ್ನೂ ಐಸ್ ಹರಳು ಕಾಣುತ್ತಿದ್ದರೆ ಮತ್ತೆ ಗಟ್ಟಿಯಾಗಲು ಬಿಡಬಹುದು. ಮಾಂಸ, ಮೀನು, ಬೇಯಿಸಿದ ಅಡುಗೆ ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಎಸೆದುಬಿಡಿ.