ಭಾರದ ಕಾರು, ಹಗುರದ ಕಾರು: ಚಾಲಕರಿಗೆ ಯಾವುದು ಕ್ಷೇಮ?

ಪ್ರಶ್ನೆ: ನಾನು ಕೆಲಸದ ನಿಮಿತ್ತ ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯಲ್ಲಿ ಆಗಾಗ ಓಡಾಡುತ್ತೇನೆ. ಸಣ್ಣ ಕಾರು ಕೊಳ್ಳಬೇಕೆಂದಿದ್ದೆ. ನಮ್ಮ ಅಣ್ಣ ಮಾತ್ರ, ಗಾಡಿ ಭಾರವಿದ್ದಷ್ಟೂ ಒಳಗಿದ್ದವರ ಜೀವಕ್ಕೆ ರಕ್ಷೆ, ಸಾಲ ಮಾಡಿಯಾದರೂ ದೊಡ್ಡ ಎಸ್‌ಯುವಿ ತೆಗೆದುಕೋ ಎನ್ನುತ್ತಾರೆ. ಅವರ ಮಾತು ನಿಜವೇ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಅಣ್ಣನವರ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಮುಖ್ಯವಾಗಿ ಎರಡು ಕಾರುಗಳು ಪರಸ್ಪರ ಡಿಕ್ಕಿಯಾಗುವ ಸಂದರ್ಭಕ್ಕೆ ಅನ್ವಯಿಸುತ್ತದೆ. ಒಂದು ಟನ್ ತೂಕದ ಕಾರು ಮತ್ತು ಎರಡು ಟನ್ ತೂಕದ ಎಸ್‌ಯುವಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಮುಖಾಮುಖಿ ಅಪ್ಪಳಿಸಿದವು ಎಂದುಕೊಳ್ಳಿ. ಸಂವೇಗದ (ತೂಕ ಮತ್ತು ವೇಗದ ಗುಣಲಬ್ಧ) ನಿಯಮದಂತೆ, ಅಂಟಿಕೊಂಡ ಎರಡೂ ವಾಹನಗಳು ಎಸ್‌ಯುವಿ ಬರುತ್ತಿದ್ದ ದಿಕ್ಕಿನಲ್ಲೇ ಸುಮಾರು 17 ಕಿ.ಮೀ. ವೇಗದಲ್ಲಿ ಸಾಗುತ್ತವೆ. ಹೀಗಾಗಿ ಎಸ್‌ಯುವಿಯಲ್ಲಿದ್ದವರ ವೇಗ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ 33 ಕಿ.ಮೀ.ಯಷ್ಟು ಕುಸಿದರೆ, ಸಣ್ಣ ಕಾರಿನವರ ವೇಗ ಶೂನ್ಯಕ್ಕಿಳಿದು, ಅಷ್ಟಕ್ಕೇ ನಿಲ್ಲದೆ ಹಿಮ್ಮುಖವಾಗಿ, ಒಟ್ಟು 67 ಕಿ.ಮೀ.ಯಷ್ಟು ಬದಲಾಗುತ್ತದೆ. ದೇಹ ಜಜ್ಜಿಹೋಗುವುದು ಈ ಬದಲಾವಣೆಯಿಂದಲೇ.

ಇಲ್ಲಿ ಭಾರವು ಪೆಟ್ಟನ್ನು ಕರಗಿಸಲಿಲ್ಲ, ಎದುರಿನವರ ಮೇಲೆ ಹೊರಿಸಿತು ಎಂಬುದನ್ನು ದಯವಿಟ್ಟು ಗಮನಿಸಿ. ಅಮೆರಿಕದ ಅಪಘಾತ ದಾಖಲೆಗಳನ್ನು ಪರಿಶೀಲಿಸಿ ಆಂಡರ್ಸನ್ ಮತ್ತು ಆಫ್‌ಹ್ಯಾಮರ್ ಎಂಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಡಿಕ್ಕಿ ಹೊಡೆಯುವ ವಾಹನದ ತೂಕ ಸುಮಾರು 450 ಕೆ.ಜಿ. ಹೆಚ್ಚಿದರೆ ಎದುರಿನ ವಾಹನದಲ್ಲಿ ಸಾವು ಸಂಭವಿಸುವ ಸಾಧ್ಯತೆ ಶೇ 47ರಷ್ಟು ಏರುತ್ತದೆ. ನಮ್ಮ ರಸ್ತೆಗಳಲ್ಲಿ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ, ಏಕೆಂದರೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮೃತಪಟ್ಟ 1,68,491 ಮಂದಿಯಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದವರು.

ನೀವು ಓಡಾಡುವ ಹೆದ್ದಾರಿಯಲ್ಲಿ ಎದುರಾಗುವ ದೊಡ್ಡ ಭಯ ಲಾರಿಯದು. 25 ಟನ್ ಲಾರಿಗೆ ಎದುರಾದಾಗ, ಎರಡೂ ವಾಹನಗಳ ವೇಗ ಕೂಡಿಸಿದ ಮೊತ್ತದ ಶೇ 96ರಷ್ಟು ವೇಗ ಬದಲಾವಣೆಯನ್ನು ಒಂದು ಟನ್ ಕಾರಿನವರು ಅನುಭವಿಸುತ್ತಾರೆ. ಎರಡು ಟನ್ ಎಸ್‌ಯುವಿಯವರು ಶೇ 93ರಷ್ಟು. ಸಾಲ ಮಾಡಿ ಕೊಂಡ ಹೆಚ್ಚುವರಿ ಒಂದು ಟನ್ನಿನಿಂದ ಸಿಕ್ಕಿದ್ದು ಇಷ್ಟೇ. ಸೇತುವೆಯ ಗೋಡೆಗೋ ಕಾಂಕ್ರೀಟ್ ವಿಭಜಕಕ್ಕೋ ಗುದ್ದಿದರೆ ಈ ಅಲ್ಪ ಲಾಭವೂ ಇಲ್ಲ. ಭಾರ ಹೆಚ್ಚಾದಷ್ಟೂ ವಾಹನದ ಮುಂಭಾಗ ಹೀರಿಕೊಳ್ಳಬೇಕಾದ ಶಕ್ತಿಯೂ ಹೆಚ್ಚಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅವರಿದ್ದ ದುಬಾರಿ ಎಸ್‌ಯುವಿ ಸೇತುವೆಯ ವಿಭಜಕಕ್ಕೆ ಬಡಿದಾಗ, ಮುಂದಿನ ಆಸನಗಳಲ್ಲಿದ್ದ ಇಬ್ಬರೂ ಬದುಕುಳಿದರು. ಹಿಂದಿನ ಆಸನದಲ್ಲಿ ಬೆಲ್ಟ್ ಹಾಕಿಕೊಳ್ಳದೆ ಕುಳಿತಿದ್ದ ಮಿಸ್ತ್ರಿ ಮತ್ತು ಮತ್ತೊಬ್ಬರು ಅಸುನೀಗಿದರು.

ಜೀವ ಉಳಿಸುವುದು, ಮುಂಭಾಗ ಕ್ರಮವಾಗಿ ನಜ್ಜುಗುಜ್ಜಾಗಿಯೂ ಕುಳಿತುಕೊಳ್ಳುವ ಜಾಗ ಕುಗ್ಗದಂತೆ ಕಟ್ಟಿದ ಒಡಲು, ಅದರ ಜೊತೆಗೆ ಬೆಲ್ಟ್ ಮತ್ತು ಏರ್‌ಬ್ಯಾಗ್. ಒಂದೂವರೆ ಟನ್ನಿಗೂ ಮಿಕ್ಕಿ ತೂಗುತ್ತಿದ್ದ ಅಂದಿನ ಮಹೀಂದ್ರ ಸ್ಕಾರ್ಪಿಯೊದ ಏರ್‌ಬ್ಯಾಗ್ ಇಲ್ಲದ ಮಾದರಿಗೆ ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಐದರವರೆಗೆ ನಕ್ಷತ್ರ ನೀಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ 2016ರ ಪರೀಕ್ಷೆಯಲ್ಲಿ ಒಂದು ನಕ್ಷತ್ರವೂ ಸಿಗಲಿಲ್ಲ. ಸುಮಾರು ಒಂದು ಟನ್ ತೂಗುವ ಟಾಟಾ ಪಂಚ್ 2021ರಲ್ಲಿ ವಯಸ್ಕರ ರಕ್ಷಣೆಗೆ ಐದು ನಕ್ಷತ್ರ ಗಳಿಸಿತು. ಮುಂದೆ ಸ್ಕಾರ್ಪಿಯೊ-ಎನ್ ಕೂಡ ಐದಕ್ಕೇರಿದ್ದು ವಿನ್ಯಾಸ ಬದಲಾದ ಮೇಲೆ. ಆದ್ದರಿಂದ ಸಾಲ ಮಾಡಬೇಡಿ. ನಿಮ್ಮ ಬೆಲೆಗೆ ಸಿಗುವ ಐದು ನಕ್ಷತ್ರದ ಕಾರನ್ನು ಆರಿಸಿ, ಅದರಲ್ಲಿ ವಾಹನ ಜಾರದಂತೆ ತಡೆಯುವ ಇಎಸ್‌ಸಿ ವ್ಯವಸ್ಥೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಎತ್ತರದ ಎಸ್‌ಯುವಿಯನ್ನೇ ಕೊಳ್ಳುವುದಾದರಂತೂ ಇಎಸ್‌ಸಿ ಇರಲೇಬೇಕು, ಏಕೆಂದರೆ ಗುರುತ್ವಕೇಂದ್ರ ಮೇಲಿರುವ ವಾಹನ ತಿರುವಿನಲ್ಲಿ ಬೇಗ ಮಗುಚುತ್ತದೆ.

ಪ್ರಶ್ನೆ: ಹಾಗಾದರೆ ಐದು ನಕ್ಷತ್ರದ ಸಣ್ಣ ಕಾರೂ ಐದು ನಕ್ಷತ್ರದ ದೊಡ್ಡ ಎಸ್‌ಯುವಿಯೂ ಸಮಾನವೇ?
– ಓದುಗರು, ಹಾಸನ

ಉತ್ತರ: ಅಲ್ಲ. ನಮ್ಮ ದೇಶದ್ದೇ ಆದ, 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್‌ನ ಮುಂಭಾಗದ ಪರೀಕ್ಷೆಯಲ್ಲಿ ಕಾರು ಗಂಟೆಗೆ 64 ಕಿ.ಮೀ. ವೇಗದಲ್ಲಿ, ಅಲುಗದಂತೆ ನಿಲ್ಲಿಸಿದ ತಡೆಗೆ ಬಡಿಯುತ್ತದೆ. ಅದು ಸರಿಸುಮಾರು ತನ್ನಷ್ಟೇ ತೂಕದ ಮತ್ತೊಂದು ಕಾರಿಗೆ ಡಿಕ್ಕಿಯಾದಂತೆ. ಹಾಗಾಗಿ ಈ ನಕ್ಷತ್ರಗಳನ್ನು ಹೆಚ್ಚುಕಡಿಮೆ ಒಂದೇ ತೂಕದ ಕಾರುಗಳ ನಡುವೆ ಮಾತ್ರ ಹೋಲಿಸಬೇಕು. ಯೂರೋಪಿನ ಎನ್‌ಕ್ಯಾಪ್ 2020ರಿಂದ 1,400 ಕೆ.ಜಿ. ತೂಕದ ಚಲಿಸುವ ತಡೆಯನ್ನು ಕಾರಿಗೆ ಎದುರಾಗಿ ಓಡಿಸಿ ಪರೀಕ್ಷಿಸುತ್ತಿದ್ದು, ಭಾರದ ಕಾರು ಆ ತಡೆಗೆ ಎಷ್ಟು ಹಾನಿ ಮಾಡಿತೆಂದು ಅಳೆದು ಅಂಕ ಕಡಿಯುತ್ತದೆ. ಎದುರಿನವರ ಪಾಡನ್ನೂ ಲೆಕ್ಕಕ್ಕೆ ಹಿಡಿಯುವ ಈ ಕ್ರಮ ನಮ್ಮಲ್ಲಿಯೂ ಬರಬೇಕು.